ಬೆಳೆಯುವ ಹುಡುಗಿಗೆ ಬೇಸಿಗೆಯ ಬಟ್ಟೆ



ನನ್ನ ಮಗಳಿಗೆ ಐದು ವರ್ಷ. ನಮ್ಮ ಮನೆ ಮತ್ತಿಕೆರೆಯಲ್ಲಿ. ಅವಳ ಬೇಸಿಗೆಯ ಬಟ್ಟೆಗಳನ್ನು ನಾನೇ ಹೊಲಿಯುತ್ತೇನೆ. ಅದೂ ಹಳೆಯ ಮಾದರಿಯಲ್ಲಿ. ನಿರಿಗೆಯ ಉದ್ದಲಂಗ, ಅದಕ್ಕೊಂದು ರವಿಕೆ, ಎದೆಯಿಂದ ಸಡಿಲವಾಗಿ ಇಳಿಯುವ ಹತ್ತಿಯ ಗೌನು, ಮನೆಯಲ್ಲಿ ಓಡಾಡಲು ತೋಳಿಲ್ಲದ ಶಿಮ್ಮೀಸು. ಇಷ್ಟೇ. ನೋಡಿದವರು, ಇದೇನ್ರೀ, ಅಜ್ಜಿ ಕಾಲದ ಫೋಟೊದಿಂದ ಇಳಿಸಿದ ಹಾಗಿದೆ ಎಂದು ನಗುತ್ತಾರೆ. ನಗಲಿ. ಆ ಫೋಟೊದ ಬಟ್ಟೆಯಲ್ಲಿದ್ದ ಒಂದು ಸಂಗತಿ ಇವತ್ತಿನ ಬಟ್ಟೆಯಲ್ಲಿಲ್ಲ. ಅದು ಜಾಗ. ಗಾಳಿ ಆಡುವಷ್ಟು ಜಾಗ, ಮಗು ಬೆಳೆಯುವಷ್ಟು ಜಾಗ. ಈ ಹೊತ್ತಿನ ನನ್ನ ಮಾತೆಲ್ಲ ಆ ಜಾಗದ ಬಗ್ಗೆಯೇ.

ಮೊದಲು ಗಾಳಿಯ ವಿಚಾರ. ಬೆಂಗಳೂರು ತಂಪಿನ ಊರು ಎಂದು ಹೇಳಿಕೊಂಡು ಬಂದವರು ನಾವು. 2016ರ ಏಪ್ರಿಲ್‌ನಲ್ಲಿ ಇದೇ ಊರಿನಲ್ಲಿ ಉಷ್ಣಾಂಶ 39 ಡಿಗ್ರಿ ದಾಟಿತು. 2024ರ ಏಪ್ರಿಲ್ ಕೊನೆಗೆ ಮತ್ತೆ 38ರ ಮೇಲೆ ಹೋಯಿತು. ಮತ್ತಿಕೆರೆಯಂಥ ಕಡೆ ಮನೆಗೆ ಮನೆ ಅಂಟಿಕೊಂಡಿದೆ. ಹಗಲೆಲ್ಲ ಕಾದ ತಾರಸಿ ರಾತ್ರಿ ಹತ್ತಾದರೂ ಆರುವುದಿಲ್ಲ. ಶಾಲೆಗೆ ರಜೆ ಬೇರೆ. ಮಕ್ಕಳು ದಿನವಿಡೀ ಒಳಗೇ. ಸಂಜೆ ಜೆ.ಪಿ. ಪಾರ್ಕಿನ ಕಡೆ ಹೋದರೆ ಉಂಟು, ಇಲ್ಲದಿದ್ದರೆ ಅದೂ ಇಲ್ಲ. ಅಂಥ ಮಗುವಿಗೆ ಹೊರಗೆ ಬಲೆಬಟ್ಟೆ, ಒಳಗೆ ಮಿರುಗುವ ಸ್ಯಾಟಿನ್, ಅದರ ಒಳಗೆ ಮತ್ತೊಂದು ಅಸ್ತರು ಇರುವ ಫ್ರಾಕು ತೊಡಿಸುತ್ತೇವೆ. ಆಮೇಲೆ ಕತ್ತಿನ ಸುತ್ತ ಬೆವರುಸಾಲೆ ಎದ್ದಿದೆ ಎಂದು ಪೌಡರು ಹಾಕುತ್ತೇವೆ.

ಒಂದು ಲೆಕ್ಕ ಹೇಳುತ್ತೇನೆ, ಕೇಳಿ. ನೂರು ಗ್ರಾಂ ತೂಕದ ಹತ್ತಿ ಬಟ್ಟೆ, ಮುಟ್ಟಿದರೆ ಒಣಗಿದೆ ಅನ್ನಿಸುವಾಗಲೂ, ಸುಮಾರು ಎಂಟು ಗ್ರಾಂ ತೇವವನ್ನು ತನ್ನೊಳಗೆ ಇಟ್ಟುಕೊಂಡಿರುತ್ತದೆ. ಅಷ್ಟೇ ತೂಕದ ಪಾಲಿಯೆಸ್ಟರ್ ಇಟ್ಟುಕೊಳ್ಳುವುದು ಅರ್ಧ ಗ್ರಾಂಗೂ ಕಡಿಮೆ. ಬೆವರು ಬಂದರೆ ಹತ್ತಿ ಹೀರುತ್ತದೆ. ಪಾಲಿಯೆಸ್ಟರ್ ಅದನ್ನು ಮೈಮೇಲೇ ಬಿಡುತ್ತದೆ. ಇಷ್ಟು ನಿಮಗೂ ಗೊತ್ತಿರುವುದೇ. ಆದರೆ ಹತ್ತಿ ಎಂದಮಾತ್ರಕ್ಕೆ ಸಾಲದು. ಹತ್ತಿಯದೇ ಆದರೂ ಮೈಗೆ ಬಿಗಿಯಾಗಿದ್ದರೆ, ಬೆವರಿಗೆ ಒದ್ದೆಯಾಗಿ ಬೆನ್ನಿಗೆ ಅಂಟುತ್ತದೆ. ಬಟ್ಟೆಗೂ ಮೈಗೂ ನಡುವೆ ಎರಡು ಬೆರಳು ಆಡಬೇಕು. ಮಗು ಓಡಿದಾಗ, ಕುಣಿದಾಗ ಕೆಳಗಿನ ಗಾಳಿ ಮೇಲಕ್ಕೆ ನುಗ್ಗಿ ಕತ್ತಿನಲ್ಲಿ ಹೊರಡಬೇಕು. ಹಳೆಯ ಗೌನಿನ ಅಗಲ ಕತ್ತು, ಹಳೆಯ ಲಂಗದ ಘೇರು, ಇವೆರಡೂ ಆ ಕೆಲಸಕ್ಕೇ ಇದ್ದವು. ಚೆಂದ ಆಮೇಲಿನದು.

ಹತ್ತಿಯಾಗಿರಬೇಕು, ಸಡಿಲವಾಗಿರಬೇಕು ಎಂದೆ. ಹಾಗಾದರೆ ಬಟ್ಟೆ ಎಲ್ಲಿಂದ? ಇಲ್ಲಿ ಎರಡು ದಾರಿಗಳಿವೆ. ಒಂದು ಅಂಗಡಿ, ಇನ್ನೊಂದು ನಿಮ್ಮದೇ ಬೀರು. ಅಂಗಡಿಯದನ್ನು ಬೇಗ ಮುಗಿಸುತ್ತೇನೆ. ನಮ್ಮ ಕಡೆಯವರಿಗೆ ಯಶವಂತಪುರ ಮಾರುಕಟ್ಟೆ ಹತ್ತಿರ. ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯೂ ದೂರವಲ್ಲ. ರವಿಕೆ ಬಟ್ಟೆ ಮಾರುವ ಮ್ಯಾಚಿಂಗ್ ಸೆಂಟರುಗಳಲ್ಲಿ ಮಲ್‌ಮಲ್ ಕೇಳಿ, ಕೇಂಬ್ರಿಕ್ ಕೇಳಿ. ಪಾಪ್ಲಿನ್ ಲಂಗದ ಅಸ್ತರಿಗೆ ಸರಿ, ಗೌನಿಗೆ ಸ್ವಲ್ಪ ದಪ್ಪ. ಹತ್ತಿಯೇ ಹೌದೋ ಎಂದು ಅನುಮಾನವಾದರೆ ಅಂಚಿನಿಂದ ಒಂದೆಳೆ ಕಿತ್ತು ಮನೆಯಲ್ಲಿ ಸುಟ್ಟು ನೋಡಿ. ಹತ್ತಿಯೆಳೆ ಕಾಗದ ಸುಟ್ಟ ವಾಸನೆ ಕೊಟ್ಟು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಕೈಮಗ್ಗದ ಬಟ್ಟೆ ಸಿಕ್ಕರೆ ಇನ್ನೂ ಒಳ್ಳೆಯದು. ಸಾಗರದ ಹೆಗ್ಗೋಡಿನ ಬಳಿ ಚರಕ ಸಂಸ್ಥೆಯ ಹೆಣ್ಣುಮಕ್ಕಳು ಅಡಿಕೆಯ ಚೊಗರಿನಿಂದ ಬಣ್ಣ ಹಾಕಿ ನೇಯುತ್ತಾರೆ. ಆ ಕಂದುಗೆಂಪು ಬಣ್ಣ ಮಕ್ಕಳ ಮೈಗೆ ಚೆನ್ನಾಗಿ ಒಪ್ಪುತ್ತದೆ. ಗುಳೇದಗುಡ್ಡದ ಖಣ ನನಗೆ ಬಹಳ ಇಷ್ಟ. ಆದರೆ ಏಪ್ರಿಲ್ ಸೆಕೆಗೆ ಇಡೀ ಗೌನನ್ನು ಖಣದಲ್ಲಿ ಹೊಲಿಯಬೇಡಿ, ಅದು ಒತ್ತು ನೇಯ್ಗೆ. ಎದೆಪಟ್ಟಿಗೆ ಒಂದು ಗೇಣು ಹಾಕಿ, ಸಾಕು.

ಇನ್ನು ಬೀರು. ಇದರ ಬಗ್ಗೆ ಸ್ವಲ್ಪ ನಿಂತು ಮಾತಾಡುತ್ತೇನೆ. ನಮ್ಮಲ್ಲಿ ಹುಟ್ಟಿದ ಕೂಸಿಗೆ ಮೊದಲು ಹೊಸ ಬಟ್ಟೆ ಹಾಕುತ್ತಿರಲಿಲ್ಲ. ಅಜ್ಜಿಯ ಹಳೆಯ ಸೀರೆ, ಅಜ್ಜನ ಹಳೆಯ ಪಂಚೆ ಹರಿದು ಸುತ್ತುತ್ತಿದ್ದರು. ಅದನ್ನು ಬಡತನ ಎಂದುಕೊಳ್ಳಬೇಡಿ. ನೂರಾರು ಸಲ ಒಗೆದ ಹತ್ತಿಯಲ್ಲಿ ಗಂಜಿ ಇರುವುದಿಲ್ಲ, ಬಿಡುವಷ್ಟು ಬಣ್ಣ ಬಿಟ್ಟಾಗಿರುತ್ತದೆ, ಕುಗ್ಗುವಷ್ಟು ಕುಗ್ಗಿಯಾಗಿರುತ್ತದೆ. ಎಳೆಯ ಮೈಗೆ ಅದಕ್ಕಿಂತ ಮೆತ್ತನೆಯದು ಯಾವ ಅಂಗಡಿಯಲ್ಲೂ ಸಿಗದು. ಮಿಕ್ಕ ಚೂರುಗಳು ಉತ್ತರ ಕರ್ನಾಟಕದಲ್ಲಿ ಕೌದಿಯಾದವು, ಮಕ್ಕಳ ಕುಲಾವಿಯಾದವು.

ಹಾಗಾಗಿ ನಿಮ್ಮ ತಾಯಿಯ, ಅತ್ತೆಯ ಹಳೆಯ ಹತ್ತಿ ಸೀರೆ ಇದ್ದರೆ ತೆಗೆಯಿರಿ. ಬಾಗಿಲಲ್ಲಿ ನಿಂತು ಬೆಳಕಿಗೆ ಹಿಡಿದು ನೋಡಿ. ಕೂತು ಕೂತು ಸವೆದ ಭಾಗ ತೆಳುವಾಗಿ ಬೆಳಕು ಬಿಡುತ್ತದೆ. ಅದನ್ನು ಪಕ್ಕಕ್ಕಿಡಿ, ಅದು ಒರೆಸುವ ಬಟ್ಟೆಗೆ. ಮಿಕ್ಕದ್ದರಲ್ಲಿ ಐದು ವರ್ಷದ ಹುಡುಗಿಗೆ ಒಂದು ಲಂಗ, ಒಂದು ಗೌನು ಸಲೀಸಾಗಿ ಆಗುತ್ತವೆ. ಸೀರೆಯ ಅಂಚನ್ನು ಕತ್ತರಿಸಬೇಡಿ. ಅದೇ ಲಂಗದ ಅಂಚು. ಕತ್ತರಿಸುವ ಮುಂಚೆ ಸೀರೆ ಯಾರದೋ ಅವರನ್ನು ಒಂದು ಮಾತು ಕೇಳಿ. ಕತ್ತರಿ ಹಾಕಿದ ಮೇಲೆ ಕೇಳಿದರೆ ಜಗಳ.

ಹಳೆಯದನ್ನು ಮಕ್ಕಳಿಗೆ ಹೊಲಿಯುವುದು ನಮ್ಮೂರಿನ ಸಂಗತಿ ಮಾತ್ರವಲ್ಲ. 1930ರ ದಶಕದ ಕಷ್ಟಕಾಲದಲ್ಲಿ ಅಮೆರಿಕದ ಹಳ್ಳಿಯ ತಾಯಂದಿರು ಹಿಟ್ಟಿನ ಚೀಲ ಬಿಚ್ಚಿ ಹೆಣ್ಣುಮಕ್ಕಳಿಗೆ ಫ್ರಾಕು ಹೊಲಿದರು. ಇದು ತಿಳಿದ ಹಿಟ್ಟಿನ ಕಂಪನಿಗಳು ಚೀಲದ ಮೇಲೆ ಹೂವಿನ ಅಚ್ಚು ಹಾಕಿಸತೊಡಗಿದವು. ಚೆಂದದ ಹೂವಿದ್ದ ಚೀಲದ ಹಿಟ್ಟು ಹೆಚ್ಚು ಮಾರಾಟವಾಯಿತು. ನಮ್ಮ ದೇಶದಲ್ಲಿ 1943ರಲ್ಲಿ, ಯುದ್ಧದ ಹೊತ್ತಿನಲ್ಲಿ, ಬಟ್ಟೆಗೆ ಕಂಟ್ರೋಲ್ ಬಂತು. ಬ್ರಿಟನ್ನಿನಲ್ಲಿ ಅದೇ ವರ್ಷ ಇದ್ದ ಬಟ್ಟೆಯನ್ನೇ ತಿರುಗಿಸಿ ಹೊಲಿಯುವುದು ಹೇಗೆಂದು ಸರ್ಕಾರವೇ ಒಂದು ಕಿರುಹೊತ್ತಗೆ ಅಚ್ಚು ಹಾಕಿತು. ನಮ್ಮ ಅಜ್ಜಿಯರಿಗೆ ಪುಸ್ತಕ ಬೇಕಾಗಲಿಲ್ಲ. ಅವರಿಗೆ ಟಕ್ಕು ಗೊತ್ತಿತ್ತು.

ಬಟ್ಟೆ ಯಾವುದು ಎಂದು ನೋಡಿದೆವು. ಹೊಸದಾದರೆ ಹತ್ತಿ, ಹಳೆಯದಾದರೆ ಇನ್ನೂ ಒಳ್ಳೆಯದು. ಈಗ ಟಕ್ಕಿಗೆ ಬರೋಣ. ನನ್ನ ಮಟ್ಟಿಗೆ ಇವತ್ತಿನ ಮಾತಿನ ತಿರುಳೇ ಇದು.

ಉದ್ದಲಂಗದ ಕೆಳಭಾಗದಲ್ಲಿ, ಅಂಚಿನಿಂದ ನಾಲ್ಕು ಬೆರಳು ಮೇಲೆ, ಸುತ್ತಲೂ ಅಡ್ಡಡ್ಡ ಮಡಿಕೆಗಳಿರುತ್ತಿದ್ದವು. ಒಂದರ ಮೇಲೊಂದು ಎರಡೋ ಮೂರೋ. ಇವೇ ಟಕ್ಕುಗಳು. ನೋಡುವವರಿಗೆ ಅಲಂಕಾರ. ಹೊಲಿದವರಿಗೆ ಮಾತ್ರ ಗೊತ್ತು, ಅದು ಮುಂದಿನ ವರ್ಷದ ಲಂಗ ಎಂದು. ಅರ್ಧ ಇಂಚಿನ ಒಂದು ಮಡಿಕೆ ಒಂದು ಇಂಚು ಬಟ್ಟೆಯನ್ನು ನುಂಗಿಕೊಂಡಿರುತ್ತದೆ. ಬಿಚ್ಚಿದರೆ ಲಂಗ ಒಂದು ಇಂಚು ಇಳಿಯುತ್ತದೆ. ನಾಲ್ಕರಿಂದ ಹತ್ತು ವರ್ಷದ ನಡುವೆ ಮಕ್ಕಳು ವರ್ಷಕ್ಕೆ ಸುಮಾರು ಎರಡು ಇಂಚು, ಅದಕ್ಕಿಂತ ತುಸು ಹೆಚ್ಚು ಎತ್ತರವಾಗುತ್ತಾರೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲಿನ ಪಾಲು. ವರ್ಷಕ್ಕೊಂದು ಟಕ್ಕು ಬಿಚ್ಚಿದರೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಮೂರು ಟಕ್ಕಿಗೆ ಮೂರು ಬೇಸಿಗೆ. ಬೆಳೆಯೋ ಹುಡುಗಿ, ಸ್ವಲ್ಪ ದೊಡ್ಡದಾಗೇ ಹೊಲಿ ಎಂದು ಹಿರಿಯರು ಟೈಲರಿಗೆ ಹೇಳುತ್ತಿದ್ದರಲ್ಲ, ಆ ಮಾತಿನ ಹಿಂದೆ ಇಷ್ಟು ಲೆಕ್ಕವಿತ್ತು.

ಕೈಯಲ್ಲಿ ಪೆನ್ನಿದ್ದರೆ ಅಳತೆ ಬರೆದುಕೊಳ್ಳಿ. ಐದು ವರ್ಷದ ಹುಡುಗಿಗೆ ಸೊಂಟದಿಂದ ಕಾಲುಗಂಟಿನವರೆಗೆ ಸುಮಾರು 24 ಇಂಚು. ಅದಕ್ಕೆ ಮೂರು ಟಕ್ಕಿನ ಮೂರು ಇಂಚು ಸೇರಿಸಿ. ಕೆಳಗೆ ಮಡಚಿ ಹೊಲಿಯಲು ಮೂರು ಇಂಚು, ಮೇಲೆ ಒಂದು ಇಂಚು. ಒಟ್ಟು 31. ಬಟ್ಟೆಯ ಪನ್ನ, ಅಂದರೆ ಅಗಲ, 36 ಇಂಚಿದ್ದರೆ ಅಡ್ಡಕ್ಕೆ ಹಿಡಿದು ಕತ್ತರಿಸಬಹುದು. ಐದು ಇಂಚಿನ ಉದ್ದ ಪಟ್ಟಿಯೊಂದು ಉಳಿಯುತ್ತದೆ, ಅದು ಸೊಂಟಪಟ್ಟಿಗೆ. ಉದ್ದ ಎರಡು ಮೀಟರ್ ಸಾಕು. ಎರಡೂವರೆ ಇದ್ದರೆ ಘೇರು ಚೆನ್ನಾಗಿ ಬರುತ್ತದೆ. ಮಗು ಗಿರಗಿರ ತಿರುಗಿದಾಗ ಲಂಗ ಕೊಡೆ ಬಿಚ್ಚಿದ ಹಾಗೆ ಅರಳಬೇಕು. ಅದಿಲ್ಲದ ಲಂಗವನ್ನು ಮಕ್ಕಳೇ ಒಪ್ಪುವುದಿಲ್ಲ.

ಒಂದು ಎಚ್ಚರ. ಹೊಸ ಬಟ್ಟೆಯಾದರೆ ಕತ್ತರಿ ಹಾಕುವ ಮುಂಚೆ ರಾತ್ರಿಯಿಡೀ ನೀರಲ್ಲಿ ನೆನೆಸಿ. ಹಿಂಡದೆ ನೆರಳಲ್ಲಿ ಒಣಗಿಸಿ. ಹೊಸ ಹತ್ತಿ ಮೀಟರಿಗೆ ನಾಲ್ಕೈದು ಸೆಂಟಿಮೀಟರ್ ಕುಗ್ಗುವುದು ಸಾಮಾನ್ಯ. ನೆನೆಸದೆ ಹೊಲಿದರೆ ನೀವು ಬಿಟ್ಟ ಜಾಗವನ್ನೆಲ್ಲ ಮೊದಲ ಒಗೆತವೇ ತಿಂದುಹಾಕುತ್ತದೆ.

ಟಕ್ಕನ್ನು ಮಿಷನ್ನಿನ ಸಣ್ಣ ಹೊಲಿಗೆಯಲ್ಲಿ ಹೊಲಿಯಬೇಡಿ. ದೊಡ್ಡ ಹೊಲಿಗೆ ಹಾಕಿ. ಕೈಯಲ್ಲಿ ಟಾಕಾ ಹಾಕಿದರೆ ಇನ್ನೂ ಲೇಸು. ನಾಳೆ ಬಿಚ್ಚುವುದಕ್ಕೇ ಹೊಲಿಯುತ್ತಿದ್ದೀರಿ ಎಂಬುದು ನೆನಪಿರಲಿ. ಬಿಚ್ಚಿದ ಮೇಲೆ ಒಂದು ತೊಂದರೆ ಇದೆ. ಮಡಿಕೆಯೊಳಗಿದ್ದ ಬಟ್ಟೆಗೆ ಬಿಸಿಲು ತಗುಲಿರುವುದಿಲ್ಲ. ಅಲ್ಲಿ ಬಣ್ಣ ಗಾಢವಾಗಿ ಒಂದು ಗೆರೆ ಉಳಿಯುತ್ತದೆ. ಹಿಂದಿನವರು ಅದರ ಮೇಲೆ ಲೇಸು ಹೊಲಿದು ಮುಚ್ಚುತ್ತಿದ್ದರು. ಧಾರವಾಡದ ಕಡೆಯ ಕಸೂತಿ ಬಲ್ಲವರಿದ್ದರೆ ಆ ಗೆರೆಯ ಮೇಲೆ ಗವಂತಿ ಎಳೆಯಬಹುದು. ಗವಂತಿ ಎಂದರೆ ಹೋಗುವಾಗ ಒಂದು ಬಿಟ್ಟು ಒಂದು ಟಾಕಾ, ಬರುವಾಗ ಬಿಟ್ಟ ಜಾಗ ತುಂಬುವುದು. ಎರಡೂ ಬದಿ ಒಂದೇ ತರ ಕಾಣುತ್ತದೆ. ಈ ಗೆರೆ ಮುಚ್ಚಲೇಬೇಕೆಂಬ ಹಟ ನನಗಿಲ್ಲ. ಇರಲಿ ಬಿಡಿ. ಆ ಗೆರೆಗಳನ್ನು ಎಣಿಸಿ ಲಂಗ ಎಷ್ಟು ವರ್ಷ ಬಾಳಿತು ಎಂದು ಹೇಳಬಹುದು.

ಲಂಗಕ್ಕೆ ಲಾಡಿ ಕಟ್ಟಿದರೆ ಸಣ್ಣ ಮಕ್ಕಳ ಸೊಂಟದಲ್ಲಿ ಕೆಂಪು ಬರೆ ಬೀಳುತ್ತದೆ, ಸೆಕೆಯಲ್ಲಿ ಉರಿ ಬೇರೆ. ಅದಕ್ಕೇ ಬಾಡಿ ಲಂಗ ಇತ್ತು. ತೋಳಿಲ್ಲದ ತೆಳು ಬಾಡಿಗೆ ಲಂಗವನ್ನು ಸೇರಿಸಿ ಹೊಲಿಯುವುದು. ಭಾರವೆಲ್ಲ ಭುಜಕ್ಕೆ. ಅದರ ಮೇಲೆ ರವಿಕೆ ಸಡಿಲವಾಗಿ ಕೂರುತ್ತದೆ. ಬಾಡಿಯ ಎರಡೂ ಪಕ್ಕ ಒಳಗೆ ಒಂದೊಂದು ಇಂಚು ಬಟ್ಟೆ ಬಿಡಿ. ಭುಜದ ಪಟ್ಟಿಗೆ ಗುಂಡಿ ಇಟ್ಟರೆ ಗುಂಡಿ ಸರಿಸಿ ಉದ್ದ ಮಾಡಬಹುದು. ಲಾಡಿಯ ಲಂಗಕ್ಕಿಂತ ಇದು ನೂರು ಪಾಲು ಮೇಲು ಎಂದು ನಾನು ಹೇಳುತ್ತೇನೆ.

ಲಂಗದಲ್ಲಿ ಜಾಗ ಇರುವುದು ಟಕ್ಕಿನಲ್ಲಿ, ಪಕ್ಕದ ಹೊಲಿಗೆಯಲ್ಲಿ. ಹಾಗಾದರೆ ಗೌನಿನಲ್ಲಿ ಎಲ್ಲಿ?

ಹಳೆಯ ಗೌನನ್ನು ಮಾತಿನಲ್ಲೇ ಬಿಡಿಸಿ ತೋರಿಸುತ್ತೇನೆ. ಭುಜದಿಂದ ಎದೆಯ ಮಧ್ಯದವರೆಗೆ ಒಂದು ಪಟ್ಟಿ. ಇದಕ್ಕೆ ಯೋಕ್ ಎನ್ನುತ್ತಾರೆ. ಅದರ ಕೆಳಗೆ, ಎದೆಯಳತೆಯ ಎರಡರಷ್ಟು ಅಗಲದ ಬಟ್ಟೆಯನ್ನು ನಿರಿಗೆ ಹಿಡಿದು ಜೋಡಿಸಿರುತ್ತದೆ. ಅಲ್ಲಿಂದ ಮೊಳಕಾಲವರೆಗೆ ಬಟ್ಟೆ ನೇರ ಇಳಿಯುತ್ತದೆ. ಸೊಂಟದಲ್ಲಿ ಹೊಲಿಗೆಯೇ ಇಲ್ಲ. ಇದೇ ಇದರ ಗುಟ್ಟು. ಸೊಂಟದಲ್ಲಿ ಹೊಲಿಗೆ ಇರುವ ಫ್ರಾಕು ಮಗು ಎರಡು ಇಂಚು ಬೆಳೆದ ಕೂಡಲೇ ಸೊಂಟ ಬಿಟ್ಟು ಪಕ್ಕೆಗೆ ಏರುತ್ತದೆ. ಇದಕ್ಕೆ ಆ ಭಯವಿಲ್ಲ. ಈ ವರ್ಷ ಮೊಳಕಾಲ ಕೆಳಗೆ, ಮುಂದಿನ ವರ್ಷ ಮೊಳಕಾಲಿಗೆ, ಆಮೇಲೆ ಪಾಯಿಜಾಮದ ಮೇಲೆ ಅಂಗಿಯಾಗಿ. ಬಟ್ಟೆ ಒಂದೂವರೆ ಮೀಟರ್ ಸಾಕು.

ಕೆಲವು ಹಳೆಯ ಗೌನುಗಳಲ್ಲಿ ಎದೆಯ ಭಾಗ ಜೇನುಗೂಡಿನ ಕಣ್ಣುಗಳ ವಿನ್ಯಾಸದಲ್ಲಿ ಹೆಣೆದಿರುತ್ತದೆ. ಅದು ಸ್ಮಾಕಿಂಗ್. ಇಂಗ್ಲೆಂಡಿನ ರೈತರ ಅಂಗಿಯಿಂದ ಬಂದ ಕಸುಬು. ಎಲಾಸ್ಟಿಕ್ ಇಲ್ಲದ ಕಾಲದಲ್ಲಿ ಬಟ್ಟೆ ಹಿಗ್ಗಬೇಕಲ್ಲ, ಅದಕ್ಕೆ ಕಂಡುಕೊಂಡ ಉಪಾಯ. ಮೂರು ಪಾಲು ಅಗಲದ ಬಟ್ಟೆಯನ್ನು ಸಣ್ಣ ನಿರಿಗೆಗಳಾಗಿ ಹಿಡಿದು, ನಿರಿಗೆಯ ತುದಿಗಳನ್ನು ಮಾತ್ರ ದಾರದಿಂದ ಕೂಡಿಸುವುದು. ಮಗು ಉಸಿರೆಳೆದರೆ ಹಿಗ್ಗುತ್ತದೆ, ಬಿಟ್ಟರೆ ಕೂಡುತ್ತದೆ. ಬೆಂಗಳೂರಿನಲ್ಲಿ 1809ರಲ್ಲಿ ಬ್ರಿಟಿಷರ ದಂಡು ಬೀಡುಬಿಟ್ಟ ಮೇಲೆ ಫ್ರಾಕೂ ಬಂತು, ಕಾನ್ವೆಂಟೂ ಬಂತು. ಕಾನ್ವೆಂಟುಗಳಲ್ಲಿ ಸೂಜಿ ಕೆಲಸ ಹೆಣ್ಣುಮಕ್ಕಳ ಪಾಠವಾಯಿತು. ಅಲ್ಲಿಂದ ಹೊಲಿಗೆ ತರಗತಿಗಳಿಗೆ, ಮಹಿಳಾ ಸಮಾಜಗಳಿಗೆ. ಹೊಲಿಗೆ ಕಲಿತವರ ಮನೆಯಲ್ಲಿ ಒಂದು ದಪ್ಪ ನೋಟ್‌ಬುಕ್ಕು ಈಗಲೂ ಇರುತ್ತದೆ. ಜಬಲಾ, ಚಡ್ಡಿ, ಯೋಕ್ ಫ್ರಾಕು, ಎಲ್ಲವನ್ನೂ ಅಂಗೈಯಗಲದ ಕಾಗದದಲ್ಲಿ ಕತ್ತರಿಸಿ ಅಂಟಿಸಿದ ಪುಸ್ತಕ. ಹಳೇ ಪೇಪರಿನವನಿಗೆ ಹಾಕಬೇಡಿ. ಅದರಷ್ಟು ಸ್ಪಷ್ಟವಾದ ಪಾಠ ಈಗ ಸಿಗುವುದು ಕಷ್ಟ.

ಬುಗ್ಗೆ ತೋಳಿನ ಬಗ್ಗೆಯೂ ಒಂದು ಮಾತು. ಹಳೆಯ ಫೋಟೊಗಳಲ್ಲಿ ಅದು ಎಷ್ಟು ಚೆಂದ ಎಂದು ನಾನು ಉಬ್ಬಿ ಹೊಲಿದೆ. ನನ್ನ ಮಗಳಿಗೆ ಅದು ಬೇಡವಂತೆ, ಕೈ ಎತ್ತಿದರೆ ಸರಸರ ಅನ್ನುತ್ತದಂತೆ. ಅವಳಿಗೆ ಬೇಕಾದ್ದು ಜೇಬು. ಎರಡು ಜೇಬು, ದೊಡ್ಡವು. ಹಳೆಯ ಗೌನಿಗೆ ಜೇಬು ಹೊಸದಲ್ಲ, ಹೊರಗಡೆ ಚೌಕದ ಪಟ್ಟಿ ಹೊಲಿಯುತ್ತಿದ್ದರು. ಹೊಲಿದುಕೊಟ್ಟೆ. ಈಗ ಒಗೆಯುವ ಮುಂಚೆ ಅದರೊಳಗಿನ ಹೊಂಗೆಕಾಯಿ, ಕಲ್ಲು ತೆಗೆಯಬೇಕು. ನೀವು ಹಳೆಯ ಮಾದರಿ ಹೊಲಿಯುವುದು ಮಗುವಿಗಾಗಿ, ಫೋಟೊಗಾಗಿ ಅಲ್ಲ. ಅವಳು ಬೇಡವೆಂದದ್ದನ್ನು ಬಿಡಿ.

ಇಲ್ಲಿಯವರೆಗೆ ಬಟ್ಟೆ, ಲಂಗ, ಗೌನು. ಎಲ್ಲದರಲ್ಲೂ ಒಳಗೆ ಜಾಗ ಬಿಡಿ ಎಂದೇ ಹೇಳಿದೆ. ಸಿದ್ಧ ಉಡುಪಿನಲ್ಲಿ ಆ ಜಾಗ ಯಾಕಿಲ್ಲ? ಉತ್ತರ ಮತ್ತಿಕೆರೆಯಿಂದ ಐದಾರು ಕಿಲೋಮೀಟರ್ ದೂರದಲ್ಲಿದೆ. ಪೀಣ್ಯದಲ್ಲಿ.

ಬೆಳಿಗ್ಗೆ ಯಶವಂತಪುರದ ಕಡೆಯಿಂದ ತುಮಕೂರು ರಸ್ತೆ ಹಿಡಿದು ಹೋಗುವ ಬಸ್ಸುಗಳಲ್ಲಿ ಕೈಯಲ್ಲಿ ಊಟದ ಡಬ್ಬಿ ಹಿಡಿದ ಹೆಂಗಸರು ತುಂಬಿರುತ್ತಾರೆ. ಗಾರ್ಮೆಂಟ್ಸಿಗೆ ಹೋಗುವವರು. ದೂರದೇಶದ ಮಕ್ಕಳ ಬೇಸಿಗೆ ಫ್ರಾಕುಗಳು ಇವರ ಕೈಯಲ್ಲಿ ತಯಾರಾಗುತ್ತವೆ. ಅಲ್ಲಿ ಒಬ್ಬರು ಇಡೀ ಫ್ರಾಕು ಹೊಲಿಯುವುದಿಲ್ಲ. ಒಬ್ಬರದು ಕಾಲರು, ಒಬ್ಬರದು ತೋಳು, ಒಬ್ಬರದು ಪಕ್ಕದ ಹೊಲಿಗೆ. ಗಂಟೆಗೆ ಇಷ್ಟೆಂದು ಟಾರ್ಗೆಟ್. ಪಕ್ಕದ ಹೊಲಿಗೆಗೆ ಓವರ್‌ಲಾಕ್ ಮಿಷನ್ನು. ಅದು ಹೊಲಿಯುತ್ತಲೇ ಅಂಚನ್ನು ಕತ್ತರಿಸಿಕೊಂಡು ಹೋಗುತ್ತದೆ. ಒಳಗೆ ಉಳಿಯುವುದು ಕಿರುಬೆರಳಿನ ಅಗಲವೂ ಇಲ್ಲ. ಬಿಚ್ಚೋಣ ಎಂದರೆ ಬಿಚ್ಚಲು ಏನೂ ಇಲ್ಲ.

ಕಂಪನಿಯ ಲೆಕ್ಕವೂ ಕೇಳಿ. ಎರಡು ಮೀಟರ್ ಘೇರಿನ ಫ್ರಾಕಿಗೆ ಕೆಳಗೆ ಎರಡು ಇಂಚು ಹೆಚ್ಚಿಗೆ ಮಡಚಲು ಬಿಟ್ಟರು ಎನ್ನಿ. ಒಂದು ಫ್ರಾಕಿಗೆ ಅದು ಒಂದು ಕರವಸ್ತ್ರದಷ್ಟು ಬಟ್ಟೆ. ಹತ್ತು ಸಾವಿರ ಫ್ರಾಕಿಗೆ? ಒಂದು ಮೀಟರ್ ಪನ್ನದ ಬಟ್ಟೆ ಸುಮಾರು ಒಂದು ಕಿಲೋಮೀಟರ್ ಉದ್ದ. ಯಾವ ಕಂಪನಿ ಬಿಟ್ಟುಕೊಡುತ್ತದೆ? ಇನ್ನೂ ಒಂದು ಮಾತಿದೆ. ಆ ಫ್ರಾಕು ಮೂರು ಬೇಸಿಗೆ ಬಂದರೆ ಎರಡನೇ ಫ್ರಾಕು ಕೊಳ್ಳುವವರು ಯಾರು?

ಪೀಣ್ಯದ ಈ ಹೆಂಗಸರನ್ನು ನಾಡು ಒಮ್ಮೆ ಗಮನಿಸಿತು. 2016ರ ಏಪ್ರಿಲ್‌ನಲ್ಲಿ. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮದ ವಿರುದ್ಧ ಸಾವಿರಾರು ಗಾರ್ಮೆಂಟ್ಸ್ ಕೆಲಸಗಾರರು ಹೊಸೂರು ರಸ್ತೆಗೆ, ತುಮಕೂರು ರಸ್ತೆಗೆ ಇಳಿದರು. ಎರಡನೇ ದಿನ ಕೇಂದ್ರ ಸರ್ಕಾರ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ಮೊದಲಿಗೆ ಹೇಳಿದೆನಲ್ಲ, 39 ಡಿಗ್ರಿ ದಾಟಿದ ಏಪ್ರಿಲ್ ಎಂದು, ಅದೇ ತಿಂಗಳು. ಇವರ ಕೈಗೆ ಹೊಲಿಗೆಯ ಹದ ಚೆನ್ನಾಗಿ ಗೊತ್ತು. ನಿಮ್ಮ ಬೀದಿಯಲ್ಲಿ ಅಂಥವರೊಬ್ಬರಿದ್ದರೆ, ಭಾನುವಾರ ಬಿಡುವಿದ್ದರೆ, ಕೂಲಿ ಸರಿಯಾಗಿ ಕೊಟ್ಟು ಮಗುವಿನ ಲಂಗ ಹೊಲಿಸಿ. ಸಣ್ಣವರ ಬಟ್ಟೆಗೆ ಇಷ್ಟು ದುಡ್ಡೇ ಎಂದು ಚೌಕಾಸಿ ಮಾಡಬೇಡಿ. ಬಟ್ಟೆ ಸಣ್ಣದು, ಹೊಲಿಗೆಗಳು ದೊಡ್ಡವರ ಬಟ್ಟೆಯಷ್ಟೇ.

ಸಿದ್ಧ ಉಡುಪಿನಲ್ಲಿ ಯಾಕೆ ಜಾಗವಿಲ್ಲ ಎಂದು ನೋಡಿದೆವು. ಜಾಗ ಬೇಕಾದರೆ ಒಬ್ಬರು ಕೂತು ಒಂದು ಮಗುವಿಗಾಗಿ ಹೊಲಿಯಬೇಕು. ಅದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಮನೆಯಲ್ಲಿ ಮೂಲೆ ಸೇರಿದ ಉಷಾ ಮಿಷನ್ನು ಇದೆಯಲ್ಲ, ಮೇಲೆ ಹಳೇ ಪತ್ರಿಕೆ, ಔಷಧಿ ಡಬ್ಬಿ ಇಟ್ಟಿರುತ್ತೀರಿ, ಅದು ಸಾಕು. ಬೆಲ್ಟು ಸಡಿಲವಾಗಿದ್ದರೆ ಒಂದು ತುಂಡು ಕತ್ತರಿಸಿ ಕೊಂಡಿ ಸೇರಿಸಿ. ಒಳಗಿನ ನೂಲಿನ ಧೂಳು ತೆಗೆದು ಎರಡು ಹನಿ ಎಣ್ಣೆ ಬಿಡಿ. ಯಂತ್ರಗಳನ್ನು ಅನುಮಾನದಿಂದ ನೋಡುತ್ತಿದ್ದ ಗಾಂಧೀಜಿ 1924ರಲ್ಲಿ ಒಂದು ಮಾತುಕತೆಯಲ್ಲಿ ಹೊಲಿಗೆ ಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟರು. ಹೆಂಡತಿ ಕೈಯಲ್ಲಿ ಹೊಲಿದು ದಣಿಯುವುದನ್ನು ನೋಡಲಾರದೆ ಸಿಂಗರ್ ಅದನ್ನು ಮಾಡಿದ ಎಂಬ ಕಥೆ ಅವರಿಗೆ ಮೆಚ್ಚುಗೆಯಾಗಿತ್ತು. ಮಿಷನ್ನೇ ಇಲ್ಲವೆಂದರೆ ಸೂಜಿ ಇದೆ. ಹನ್ನೆರಡನೇ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರರೇ ಇದ್ದರು. ಶಿಮ್ಮೀಸಿನಂಥ ಬಟ್ಟೆಯನ್ನು ಎರಡು ಮಧ್ಯಾಹ್ನಗಳಲ್ಲಿ ಕೈಯಲ್ಲೇ ಹೊಲಿಯಬಹುದು.

ಕೊನೆಗೆ ಒಂದು ವಿಷಯದಲ್ಲಿ ಮಾತ್ರ ಹಳೆಯದನ್ನು ಅನುಸರಿಸಬೇಡಿ. ಹಳೆಯ ಗೌನಿನ ಕತ್ತಿಗೆ ಲಾಡಿ ಇರುತ್ತಿತ್ತು. ಚಿಕ್ಕ ಮಕ್ಕಳ ಕತ್ತಿನ ಬಳಿ ಲಾಡಿ ಬೇಡವೇ ಬೇಡ. ಜಾರುಬಂಡೆಯಲ್ಲೋ ಉಯ್ಯಾಲೆಯಲ್ಲೋ ಸಿಕ್ಕಿಕೊಂಡರೆ ಉಸಿರಿಗೆ ಅಪಾಯ. ಹೊರದೇಶಗಳಲ್ಲಿ ಇಂಥ ಅವಘಡಗಳಾದ ಮೇಲೆಯೇ ಮಕ್ಕಳ ಬಟ್ಟೆಯ ದಾರಗಳಿಗೆ ಕಟ್ಟುನಿಟ್ಟಿನ ನಿಯಮ ಬಂತು. ಕತ್ತಿನ ಹಿಂದೆ ಒಂದು ಗುಂಡಿ, ಒಂದು ಕಾಜಾ ಸಾಕು. ಗುಂಡಿಯನ್ನು ಎರಡೆಳೆ ದಾರದಲ್ಲಿ ಭದ್ರವಾಗಿ ಹೊಲಿಯಿರಿ. ಮೂರು ವರ್ಷಕ್ಕಿಂತ ಚಿಕ್ಕ ಮಗುವಾದರೆ ಸಣ್ಣ ಗುಂಡಿಗಳೂ ಬೇಡ, ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾರೆ.

ಯುಗಾದಿಗೆ ಮೂರು ವಾರವಿದ್ದರೆ ಸಾಕು. ಒಂದು ಲಂಗ, ಒಂದು ಗೌನು ಹೊಲಿಯಲು ಅಷ್ಟು ಸಮಯ ಧಾರಾಳ. ಬಟ್ಟೆಯನ್ನು ಇವತ್ತು ರಾತ್ರಿಯೇ ನೆನೆಹಾಕಿ. ನಾಳೆ ಮಗುವನ್ನು ಗೋಡೆಗೆ ನಿಲ್ಲಿಸಿ ಅಳತೆ ತೆಗೆದುಕೊಳ್ಳಿ. ಮೂರು ಟಕ್ಕು ಮರೆಯಬೇಡಿ.